ಸಹಿ ಇಲ್ಲದೆ ವೈಫೈ ಮುಟ್ಟದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದು ಸೂಲಿಬೆಲೆಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಸ್ವಲ್ಪ ಅಲ್ಲ! ಬೇರೆಯವರು ನೆಂಟರ ಮನೆಗೆ ಹೋದರೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಎಲ್ಲರ ಆರೋಗ್ಯ ವಿಚಾರಿಸುತ್ತಾರೆ. ಇವರು ಹೊಸಿಲಲ್ಲೇ ನಿಂತು ಮೊಬೈಲನ್ನು ಆರತಿಯಂತೆ ಎತ್ತಿ ಹಿಡಿದು, “ಏನ್ರೀ, ನಿಮ್ಮನೆ ವೈಫೈಗೆ ಬೀಗಾನೇ ಹಾಕಿಲ್ವಲ್ರೀ!” ಎನ್ನುತ್ತಾರೆ.

ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ. ಅಲ್ಲಿನ ವೈಫೈಯೊಳಗೆ ಕಳ್ಳರಿಗಿಂತ ಮೊದಲು ತಾವೇ ನುಗ್ಗಲು ನೋಡುವುದು, ನುಗ್ಗಿದರೆ ಎಲ್ಲಿ ಸಡಿಲವಿತ್ತೆಂದು ತೋರಿಸಿ ಭದ್ರ ಮಾಡಿಸುವುದು. ನಾವು ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುತ್ತೇವಲ್ಲ, ಅಷ್ಟೇ. ಅದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನಮ್ಮಜ್ಜಿ ಕೊನೆಯವರೆಗೂ ನಂಬಲಿಲ್ಲ!

ಈ ಕೆಲಸದಲ್ಲಿ ಒಂದು ನೇಮವಿದೆಯಂತೆ. ಯಜಮಾನರ ಬರಹದ ಒಪ್ಪಿಗೆ ಇಲ್ಲದೆ ಯಾರ ವೈಫೈಯನ್ನೂ ಜಗ್ಗಬಾರದು. ಒಳ್ಳೆಯದೇ. ಆದರೆ ಸ್ವಂತ ಮನೆಗೂ ಒಪ್ಪಿಗೆ ಪತ್ರವೇ? ಕನೆಕ್ಷನ್ ಚಿಕ್ಕಮ್ಮನ ಹೆಸರಿನಲ್ಲಿದೆಯೆಂದು, ಅವರು ಮುದ್ದೆ ಕಟ್ಟುತ್ತಿದ್ದಾಗ ಚಿಕ್ಕಪ್ಪ ಕಾಗದ ಹಿಡಿದು ಅಡುಗೆಮನೆಗೆ ಹೋದರು.

“ಕೈಯೆಲ್ಲ ಹಿಟ್ಟಾಗಿದೆ. ಹೆಬ್ಬೆಟ್ಟು ಒತ್ತಿದ್ರೆ ಆಗಲ್ವಾ?” ಎಂದರು ಚಿಕ್ಕಮ್ಮ, ಗೇಲಿಗೆ.

“ಒತ್ತು,” ಎಂದರು ಚಿಕ್ಕಪ್ಪ, ಗಂಭೀರವಾಗಿ.

ರಾಗಿಮುದ್ದೆಯ ಹೆಬ್ಬೆಟ್ಟು ಬಿದ್ದ ಆ ಪತ್ರ ಇವತ್ತಿಗೂ ಅವರ ಫೈಲಿನಲ್ಲಿದೆ.

ದೇವನಹಳ್ಳಿಯ ಛತ್ರದಲ್ಲಿ ನಮ್ಮ ನೆಂಟರ ಮದುವೆಯಾದಾಗ ಹೆಣ್ಣಿನ ತಂದೆಯಿಂದ ಲಗ್ನಪತ್ರಿಕೆಯ ಹಿಂಭಾಗದಲ್ಲೇ ಸಹಿ ಹಾಕಿಸಿಕೊಂಡು, “ಮದುವೆ ಮನೆ ಫ್ರೀ ವೈಫೈ” ಎಂಬ ಸಂಪರ್ಕವೊಂದನ್ನು ಗಾಳಿಗೆ ಬಿಟ್ಟರು. ಅದಕ್ಕೆ ಸೇರಿದವರ ಮೊಬೈಲಿನಲ್ಲಿ ದಪ್ಪಕ್ಷರದ ಒಂದು ಸಾಲು ಬರುತ್ತಿತ್ತು: “ಯಾರದು ಏನು ಅಂತ ಕೇಳದೇ ಒಳಗೆ ಬಂದುಬಿಟ್ಟಿರಲ್ಲ!” ಧಾರೆಯ ಹೊತ್ತಿಗೆ ಅರ್ಧ ಛತ್ರ ಒಳಗೆ ಬಂದಿತ್ತು, ಪುರೋಹಿತರೂ ಸೇರಿ! ಮೊಟ್ಟಮೊದಲು ಬಂದವರು ಯಾರು ಎನ್ನುತ್ತೀರಿ? ಸಾಕ್ಷಾತ್ ಚಿಕ್ಕಮ್ಮ.

“ಇನ್ನೇನ್ ಮಾಡ್ಲಿ? ಮನೇಲಿ ದಿನಕ್ಕೊಂದು ಪಾಸ್‌ವರ್ಡ್ ಬದ್ಲಾಯಿಸ್ತೀರಾ. ಇಲ್ಲಾದ್ರೂ ನೆಮ್ಮದಿಯಾಗಿ ಸೀರಿಯಲ್ ನೋಡೋಣ ಅಂತ ಬಂದೆ!”

ಹೀಗೆ ನಕ್ಕು ನಕ್ಕು ಸುಸ್ತಾಗುತ್ತಿದ್ದ ನನಗೆ ಒಂದು ದಿನ ನಗು ನಿಂತುಹೋಯಿತು.

ಹೊಸಕೋಟೆಯ ರಕ್ತ ಪರೀಕ್ಷೆಯ ಲ್ಯಾಬ್ ಒಂದರಲ್ಲಿ ವರದಿಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಇದ್ದಕ್ಕಿದ್ದಂತೆ ನಮ್ಮಲ್ಲಿಗೆ ಬಂದವರಿಗೆಲ್ಲ ಯಾರೋ ಫೋನ್ ಮಾಡತೊಡಗಿದರು. “ನಿಮ್ಗೆ ಶುಗರ್ ಜಾಸ್ತಿ ಇದ್ಯಂತಲ್ಲ, ನಮ್ಮ ಪುಡಿ ತಗೊಳ್ಳಿ.” ವರದಿ ಅವರ ಕೈಸೇರುವ ಮೊದಲೇ! ಹುಡುಕಿ ನೋಡಿದರೆ ಯಾರೋ ನನ್ನ ಹೆಸರು, ನನ್ನ ಪಾಸ್‌ವರ್ಡ್ ಹಾಕಿಯೇ ವರದಿಗಳನ್ನು ತೆರೆದಿದ್ದರು.

“ನೀನೇ ಯಾರಿಗಾದ್ರೂ ಕೊಟ್ಯೇನಮ್ಮಾ?” ಎಂದರು ಲ್ಯಾಬ್ ನಡೆಸುವ ಡಾಕ್ಟರು. ಇಲ್ಲವೆಂದೆ. ತೀರ್ಮಾನ ಆಗುವವರೆಗೆ ಕೆಲಸಕ್ಕೆ ಬರಬೇಡ ಎಂದರು. ಜೊತೆಗೆ ಕೂತು ಡಬ್ಬಿ ಹಂಚಿಕೊಂಡು ಉಂಡವರು ತಲೆಯೆತ್ತಿ ನೋಡಲಿಲ್ಲ. ಮನೆಗೆ ಬಂದರೆ ಅಪ್ಪ, “ನಿಜ ಹೇಳ್ಬಿಡು, ಕೊಟ್ಟಿದ್ಯಾ?” ಎಂದರು. ಅಮ್ಮನೂ ಅದನ್ನೇ ಕೇಳಿದಳು, ಮೆಲ್ಲಗೆ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ರಜೆ ಹಾಕಿ ಬಂದರು. ಹೊಸಿಲಲ್ಲಿ ನಿಲ್ಲಲಿಲ್ಲ, ಮೊಬೈಲ್ ಎತ್ತಲಿಲ್ಲ. “ತಿಂಡಿ ತಿಂದ್ಯಾ?” ಎಂದರು. ಇಲ್ಲವೆಂದು ತಲೆಯಾಡಿಸಿದೆ. “ತಿನ್ನು, ಹೋಗಾಣ.”

ಲ್ಯಾಬಿನಲ್ಲಿ ಮೊದಲು ಸಹಿಯ ಪ್ರಸಂಗ! ಡಾಕ್ಟರು ಔಷಧಿ ಚೀಟಿಯಲ್ಲೇ ಒಪ್ಪಿಗೆ ಗೀಚಿ ಕೊಟ್ಟರು. ಚಿಕ್ಕಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಸಾರ್, ಇದನ್ನ ಮೆಡಿಕಲ್ ಸ್ಟೋರಿನವ್ರ ಹತ್ರ ಓದಿಸ್ಕೊಂಡ್ ಬರ್ಬೇಕಾ?” ಎಂದರು.

ಲ್ಯಾಪ್‌ಟಾಪ್ ತೆರೆದು ನೋಡಿದರೆ ನಮ್ಮ ಲ್ಯಾಬಿನ ಹೆಸರಿನಲ್ಲೇ ಎರಡು ವೈಫೈ. “ನಿಮ್ಮದು ಒಂದೇ ವೈಫೈ ಪೆಟ್ಟಿಗೆ ಅಲ್ವಾ ಸಾರ್? ಇನ್ನೊಂದು ಯಾರ್ದು?” ಲ್ಯಾಪ್‌ಟಾಪನ್ನು ಮದುಮಗಳ ಕಲಶದಂತೆ ಎದೆಗೆ ಹಿಡಿದು, ಆ ಎರಡನೆಯದರ ಸಿಗ್ನಲ್ ಎಲ್ಲಿ ಜೋರಾಗುತ್ತದೆಂದು ಹೆಜ್ಜೆ ಹೆಜ್ಜೆಗೂ ನೋಡುತ್ತಾ ನಡೆದರು. ಮೂತ್ರದ ಬಾಟಲಿ ತುಂಬಿಸಿ ಕೊಟ್ಟು ಕೂತಿದ್ದ ಅಜ್ಜಿಯೊಬ್ಬರನ್ನು, “ಸ್ವಲ್ಪ ಏಳಮ್ಮಾ,” ಎಂದು ಎಬ್ಬಿಸಿದರು. ಅಜ್ಜಿ, “ಒಳಗೆ ಒಂದ್ಸಲ ಕೊಟ್ಟಿದ್ದೀನಿ, ಮತ್ತೆ ಬರಲ್ಲಪ್ಪೋ!” ಎಂದು ಬೈದರು. ಅವರ ತಲೆಯ ಮೇಲೆ, ಗೋಡೆಯಲ್ಲಿ, ಕರೆಂಟಿನಿಂದ ಓಡುವ ದೊಡ್ಡ ಗಡಿಯಾರ. ಪುಡಿ ಮಾರಲು ಬಂದಿದ್ದ ಒಬ್ಬ ಉಡುಗೊರೆಯೆಂದು ತಾನೇ ತಗುಲಿಹಾಕಿ ಹೋಗಿದ್ದು. ಚಿಕ್ಕಪ್ಪ ಅದರ ಪ್ಲಗ್ ಕಿತ್ತರು. ಪರದೆಯ ಮೇಲಿನ ಎರಡು ಹೆಸರಲ್ಲಿ ಒಂದು ಆರಿಹೋಯಿತು.

ಗಡಿಯಾರದ ಬೆನ್ನಿನೊಳಗೆ ಸೋಪಿನ ಡಬ್ಬಿಯಷ್ಟು ಚಿಕ್ಕ ಪೆಟ್ಟಿಗೆ. ನಮ್ಮದೇ ಹೆಸರು ಹೇಳಿಕೊಂಡು, ನಮ್ಮ ವರದಿಗಳ ಪುಟದಂಥದ್ದೇ ಪುಟ ತೋರಿಸಿ, ಪಾಸ್‌ವರ್ಡ್ ಕೇಳುತ್ತಿದ್ದ ಕಳ್ಳ. ನನಗೆ ಥಟ್ಟನೆ ನೆನಪಾಯಿತು. ಹದಿನೈದು ದಿನದ ಹಿಂದೆ ಕಂಪ್ಯೂಟರು ಯಾಕೋ ಎರಡನೇ ಸಲ ಪಾಸ್‌ವರ್ಡ್ ಕೇಳಿತ್ತು. ನಾನು ಹಾಕಿಕೊಟ್ಟಿದ್ದೆ.

“ಹಂಗಾದ್ರೆ ನಾನೇ ಕೊಟ್ಟಂಗಾಯ್ತಲ್ಲ, ಚಿಕ್ಕಪ್ಪಾ,” ಎಂದೆ.

“ನೀನು ಕೊಟ್ಟಿಲ್ಲ, ಅವನು ಕದ್ದ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಡಾಕ್ಟರತ್ತ ತಿರುಗಿದರು. “ಸಾರ್, ಇವಳ ಜಾಗದಲ್ಲಿ ನಾನಿದ್ರೂ ಹಾಕ್ತಿದ್ದೆ.” ಅವರು ಖಂಡಿತ ಹಾಕುತ್ತಿರಲಿಲ್ಲ! ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಗಡಿಯಾರ ಪೊಲೀಸರಿಗೆ ಹೋಯಿತು. ಪಾಸ್‌ವರ್ಡ್‌ಗಳೆಲ್ಲ ಬದಲಾದವು. ಕಾದು ಕೂರುವ ರೋಗಿಗಳಿಗೆ ಬೇರೆ ವೈಫೈ, ವರದಿಗಳಿಗೆ ಬೇರೆ ಎಂದಾಯಿತು. ಡಾಕ್ಟರು ಎಲ್ಲರೆದುರು ನನ್ನಲ್ಲಿ ಕ್ಷಮೆ ಕೇಳಿ, ನಾಳೆಯಿಂದಲೇ ಬಾ ಎಂದರು.

ಸಂಜೆ ಚಿಕ್ಕಪ್ಪನ ಸ್ಕೂಟರಿನ ಹಿಂದೆ ಕೂತು ಸೂಲಿಬೆಲೆಗೆ ಬರುವಾಗ ಕೇಳಿದೆ. “ಎಲ್ರೂ ಕೇಳಿದ್ರು, ನೀನೇ ಕೊಟ್ಯಾ ಅಂತ. ನೀವ್ಯಾಕೆ ಒಂದ್ಸಲನೂ ಕೇಳ್ಲಿಲ್ಲ?”

ಅವರು ಗಾಡಿ ನಿಧಾನ ಮಾಡಿದರು.

“ಗೊತ್ತಿಲ್ದೇ ಇರೋದನ್ನ ಟೆಸ್ಟ್ ಮಾಡ್ತೀವಿ ಮಗಾ,” ಎಂದರು. “ಗೊತ್ತಿರೋದನ್ನ ಯಾರಾದ್ರೂ ಮಾಡ್ತಾರಾ?”

ನಾನು ಅವರ ಬೆನ್ನಿಗೆ ಹಣೆ ಒತ್ತಿಕೊಂಡೆ. ಎರಡು ದಿನದಿಂದ ಬಾರದಿದ್ದ ಅಳು ಆಗ ಬಂತು.