ಹತ್ತು ಸಾವಿರ ಹೆಜ್ಜೆಯ ಹೋಳಿಗೆ

ಇಷ್ಟೆಲ್ಲಕ್ಕೂ ಕಾರಣ ಒಂದೇ ಒಂದು ಹೋಳಿಗೆ.

ನಾಂಪಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿದ್ದ ಅಂಬಾದಾಸನಿಗೆ ಸಕ್ಕರೆ ಕಾಯಿಲೆ ಬಂದು ಆರು ತಿಂಗಳಾಗಿತ್ತು. ಅಂದಿನಿಂದ ಹೆಂಡತಿ ನಳಿನಿ ಬೆಲ್ಲದ ಡಬ್ಬಿಗೂ ಬೀಗ ಹಾಕಿದ್ದಳು. ಈ ರವಿವಾರ ಅಂಬಾದಾಸನ ಅಕ್ಕ ಯಮುನಾಬಾಯಿ ಬೇಗಂಪೇಟೆಯಿಂದ ಊಟಕ್ಕೆ ಬರುವವಳಿದ್ದಳು. ಅಕ್ಕ ಬಂದರೆ ಹೋಳಿಗೆ ಮಾಡದೆ ನಡೆಯದು.

"ನಿಮಗೂ ಒಂದು ಕೊಡ್ತೀನ್ರಿ," ಅಂದಳು ನಳಿನಿ. "ಮುಂಜಾನೆ ಅಕ್ಕಾರ ಸಂಗಟ ಪಾರ್ಕಿಗೆ ಹೋಗಿ ಹತ್ತು ಸಾವಿರ ಹೆಜ್ಜಿ ಹಾಕಿ ಬರ್ರಿ. ಫೋನಿನ್ಯಾಗ ತೋರಸ್ರಿ. ಒಂದು ಹೆಜ್ಜಿ ಕಡಿಮಿ ಬಿತ್ತೋ, ಹಾಗಲಕಾಯಿ ಪಲ್ಯ, ರೊಟ್ಟಿ."

ಆರು ಗಂಟೆಗೆಲ್ಲ ಅಕ್ಕ ತಮ್ಮ ಪಾರ್ಕಿನೊಳಗಿದ್ದರು. ಚಳಿಗಾಲದ ಮಂಜು ಬಂಡೆಗಳ ಮೇಲೆ ಹಾಲಿನ ಕೆನೆಯಂತೆ ನಿಂತಿತ್ತು. ಗುಡಿಸಿ ನೀರು ಚಿಮುಕಿಸಿದ ಕೆಂಪು ದಾರಿ, ಎರಡೂ ಬದಿಗೆ ಸುಣ್ಣ ಬಳಿದ ಕಲ್ಲು, ಎಲ್ಲೋ ಒಂದು ನವಿಲಿನ ಕೂಗು. ಅಂಬಾದಾಸನಿಗೆ ತಾನು ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯಲಿಲ್ಲ. ಯಮುನಾಬಾಯಿಗೆ ಆ ಗೊಂದಲವಿರಲಿಲ್ಲ. ಶಾಲೆಯ ಹೆಡ್ ಮಿಸ್ಟ್ರೆಸ್ ಆಗಿ ನಿವೃತ್ತಳಾದ ಆಕೆ ಇವತ್ತಿಗೂ ಎರಡನೇ ಗಂಟೆ ಹೊಡೆಯಿತೆನ್ನುವಂತೆ ನಡೆಯುತ್ತಿದ್ದಳು.

"ಕಾಲೆತ್ತಿ ಹಾಕೋ ಅಂಬ್ಯಾ!"

ಒಂಬೈನೂರು ಹೆಜ್ಜೆಗೆ ಅಂಬಾದಾಸನ ಉಸಿರು ಹಳೇ ಕುಕ್ಕರಿನಂತೆ ಸೀಟಿ ಹೊಡೆಯತೊಡಗಿತು. ಆಗಲೇ ಅವನ ಕಣ್ಣಿಗೆ ಎರಡು ವಸ್ತು ಬಿದ್ದವು. ಒಂದು, ಬೇವಿನ ಮರದ ಕೆಳಗಿನ ಕಲ್ಲು ಬೆಂಚು. ಇನ್ನೊಂದು, ಮುಂದೆ ನಡೆಯುತ್ತಿದ್ದ ಮುದುಕ. ತಲೆಗೆ ಹಸಿರು ಟೊಪ್ಪಿಗೆ, ಹೆಗಲಿಗೆ ಬಾಯಿ ತೆರೆದ ಚೀಲ. ಗಿಡಗಳಿಗೆ ನೀರು ಬಿಡುವ ಆಳು.

ಈ ಮನೆತನ ಮೂರು ತಲೆಮಾರಿನಿಂದ ಹೈದರಾಬಾದಿನಲ್ಲಿತ್ತು. ಹೊಸ್ತಿಲು ದಾಟಿದರೆ ಊರಿನವರೊಡನೆ ತೆಲುಗು ಇಲ್ಲವೇ ಹಿಂದಿ. ತಮ್ಮತಮ್ಮಲ್ಲಿ ಮಾತ್ರ ಕನ್ನಡ. ಕನ್ನಡವೆಂದರೆ ಅವರಿಗೆ ಒಂದು ಪರದೆ. ಅದರ ಹಿಂದೆ ಕೂತು ಬಸ್ಸಿನಲ್ಲಿ ಪಕ್ಕದವರ ಮೂಗನ್ನೂ ಮದುವೆಯಲ್ಲಿ ಬೀಗರ ಸಾರನ್ನೂ ದೊಡ್ಡ ದನಿಯಲ್ಲೇ ಆಡಿಕೊಳ್ಳುತ್ತಿದ್ದರು. ಇದುವರೆಗೆ ಯಾರೂ ಹೊರಳಿ ನೋಡಿರಲಿಲ್ಲ.

"ಅಕ್ಕಾ, ಈ ಮುದುಕನ ನಡಿಗಿ ನೋಡು. ಹೊಳಿ ದಾಟಿದ ಎಮ್ಮಿ! ಆದ್ರ ಗಡಿಯಾರದಂಗ ನಿಲ್ಲೂದ ಇಲ್ಲ. ನನ್ನ ಫೋನ್ ಇವನ ಚೀಲದಾಗ ಹಾಕಿಬಿಟ್ಟರ?"

"ಮೆಲ್ಲಗ ಮಾತಾಡೋ! ಕೇಳಿದಾನು."

"ಕೇಳಲಿ. ಇವಗೇನು ಕನ್ನಡ ತಿಳೀತದ? ನಾ ಆ ಬೆಂಚಿನ ಮ್ಯಾಲ ಮಲಗ್ತೀನಿ, ಇವ ನಡೀತಾನ, ಹೋಳಿಗಿ ನಾ ತಿಂತೀನಿ."

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎನ್ನುತ್ತ ಅಕ್ಕ ಮುಂದೆ ಹೋದಳು. ಅಂಬಾದಾಸ ತುದಿಗಾಲಲ್ಲಿ ಹೋಗಿ ಫೋನನ್ನು ಚೀಲಕ್ಕೆ ಇಳಿಬಿಟ್ಟ. ಮುದುಕ ಹೊರಳಲಿಲ್ಲ.

ಬೆಂಚಿನ ಮೇಲೆ ಮಲಗಿದವನಿಗೆ ಬೇವಿನ ನೆರಳು ಚಾದರ ಹೊದಿಸಿತು. ಕನಸಿನಲ್ಲಿ ತುಪ್ಪದ ಕೆರೆಯಿತ್ತು. ಅದರಾಚೆಯಿಂದ ಸೂರ್ಯನಷ್ಟು ದೊಡ್ಡ ಹೋಳಿಗೆ ನಿಧಾನ ಮೇಲೇರುತ್ತಿತ್ತು. ಅದರ ಮೇಲೆ ಅಂಬಾದಾಸ ಮಲಗಿ ತೇಲುತ್ತಿದ್ದ, ದಡದಲ್ಲಿ ನವಿಲುಗಳು ಹೆಜ್ಜೆ ಎಣಿಸುತ್ತಿದ್ದವು.

"ಏಳೋ! ಹತ್ತು ಹೊಡೀತು. ಎಲ್ಲಿದಾವ ನಿನ್ನ ಕಾಲು?" ಎಂದು ಅಕ್ಕ ಅಲುಗಿಸಿದಳು.

ಮುದುಕ ಎಲ್ಲೂ ಇರಲಿಲ್ಲ. ಅಕ್ಕನ ಫೋನಿನಿಂದ ಕರೆ ಮಾಡಿದರೆ ಗಂಟೆ ಬಾರಿಸುತ್ತಿತ್ತು, ಯಾರೂ ಎತ್ತಲಿಲ್ಲ. ಇವರ ಗಾಬರಿ ನೋಡಿ ಪಾರ್ಕಿನ ಲಾಫಿಂಗ್ ಕ್ಲಬ್ಬಿನ ಅಧ್ಯಕ್ಷ ಆನಂದಕುಮಾರ ತನ್ನ ಬಳಗದೊಂದಿಗೆ ಓಡಿಬಂದ.

"ಕ್ಯಾ ಹುವಾ ಭಾಯ್?"

ಫೋನನ್ನು ತಾನೇ ಪರರ ಚೀಲಕ್ಕೆ ಹಾಕಿದೆನೆಂದು ಹೇಗೆ ಹೇಳುವುದು? "ಎಲ್ಲೋ ಬಿತ್ತು," ಎಂದು ಅಂಬಾದಾಸ ಹಿಂದಿಯಲ್ಲಿ ಗೊಣಗಿದ.

"ಘಬರಾವ್ ಮತ್, ಹಮ್ ಹೈ ನಾ!" ಎಂದು ಆನಂದಕುಮಾರ ಧೈರ್ಯ ಹೇಳಿದ.

ಹನ್ನೆರಡು ಮಂದಿ ಪೊದೆ ಪೊದೆ ಬಡಿದರು. ಒಬ್ಬನಿಗೆ ಹಳೇ ಚಪ್ಪಲಿ ಸಿಕ್ಕಿತು, ಇನ್ನೊಬ್ಬನನ್ನು ನವಿಲು ಅಟ್ಟಿಸಿಕೊಂಡು ಬಂತು. ಆನಂದಕುಮಾರ ಬೆತ್ತ ಬೀಸುತ್ತ ಅಂಬಾದಾಸನನ್ನು ಇಡೀ ಪಾರ್ಕು ಸುತ್ತಿಸಿದ. ಒಂದಲ್ಲ, ಮೂರು ಸುತ್ತು. ಕೂರಲು ಹೋದರೆ, "ಫೋನ್ ಆಪ್ ಕಾ ಹೈ, ಚಲೋ ಚಲೋ!" ಎಂದು ಮತ್ತೆ ನಡೆಸುತ್ತಿದ್ದ. ಅಕ್ಕ ಪಕ್ಕದಲ್ಲೇ ನಡೆಯುತ್ತ, "ಖರೇ ಹೇಳಿ ಸಾಯೋ," ಎಂದು ಕನ್ನಡದಲ್ಲಿ ತಿವಿಯುತ್ತಿದ್ದಳು.

ಒಂದೂವರೆಗೆ ಇಬ್ಬರೂ ಮನೆಯ ಮೆಟ್ಟಿಲು ಹತ್ತಿದರು. ತುಪ್ಪದ ವಾಸನೆ ಬಾಗಿಲಿಗೇ ಬಂದು ಸ್ವಾಗತಿಸಿತು. ಒಳಗೆ ಊಟದ ಮೇಜಿನ ಮುಂದೆ ಹಸಿರು ಟೊಪ್ಪಿಗೆಯ ಮುದುಕ. ತಟ್ಟೆಯ ಪಕ್ಕದಲ್ಲಿ ಅಂಬಾದಾಸನ ಫೋನು.

"ಬರ್ರಿ ಸಾಹೇಬ್ರ," ಅಂದ ಮುದುಕ. "ಹತ್ತು ಸಾವಿರದ ನಾಕನೂರಾ ಆರು ಆಗ್ಯಾವ್ರಿ. ಚೂರು ಜಾಸ್ತಿನ ಹಾಕೀನಿ."

"ನಿಮಗ... ಕನ್ನಡ..."

"ಸೇಡಂ ಕಡಿಯಾವ್ರೀ ನಾ, ಸಾಬಣ್ಣ. ಪಾರ್ಕಿನ ದಾರಿ ಬದಿಗೆ ಕಲ್ಲು ನೆಟ್ಟಾಂವನೂ ನಾನ, ಈಗ ನೀರು ಬಿಡಾಂವನೂ ನಾನ. ನಡಿಗಿ ಎಮ್ಮಿದ ಖರೇರಿ, ಆದ್ರ ಗಡಿಯಾರದಂಗ ನಿಲ್ಲಂಗಿಲ್ಲ."

ಅಂಬಾದಾಸನ ಮುಖ ಹಾಗಲಕಾಯಿಯ ಬಣ್ಣಕ್ಕೆ ತಿರುಗಿತು.

"ಕೊತ್ತಂಬರಿ ತರ್ರಿ ಅಂತ ಫೋನ್ ಮಾಡಿದ್ನಿ," ಅಂದಳು ನಳಿನಿ. "'ನಿಮ್ಮ ಯಜಮಾನ್ರ ಕಾಲು ಮಾತಾಡಾಕತ್ತೀನ್ರಿ ಬಾಯಾರ' ಅಂದ್ರು! ನಾ ಅವರಿಗೆ, ಸಾಹೇಬ್ರನ್ನ ಎಬ್ಬಸಬ್ಯಾಡ್ರಿ, ಡ್ಯೂಟಿ ಮುಗಿಸಿ ನೆಟ್ಟಗ ಊಟಕ್ಕ ಬರ್ರಿ, ಬ್ಯಾರೆ ಯಾರದೂ ಫೋನ್ ಎತ್ತಬ್ಯಾಡ್ರಿ ಅಂದೆ. ಹತ್ತು ಸಾವಿರ ಹಾಕಿದವರಿಗೆ ಹೋಳಿಗಿ. ಮಾತು ಅಂದ್ರ ಮಾತು."

ಅಂಬಾದಾಸನ ಪಾಲಿನ ಹೋಳಿಗೆ ಸಾಬಣ್ಣನ ತಟ್ಟೆಗೆ ಹೋಗಿ ಬಿತ್ತು.

"ಅಯ್ಯ, ನಾನೂ ನಡದೀನಲ್ಲ! ಖರೇನ ಮೂರು ಸುತ್ತು! ಅಕ್ಕಾ, ಹೇಳವಾ!"

ಯಮುನಾಬಾಯಿ ತನ್ನ ಫೋನು ತೆಗೆದು ಕನ್ನಡಕ ಏರಿಸಿದಳು. "ಹೌದವಾ ನಳಿನಿ, ನಡದಾನ. ನಂದು ಇಪ್ಪತ್ತೊಂದು ಸಾವಿರ ಆಗ್ಯದ ನೋಡು."

"ಹಂಗಾರ ನಿಮಗ ಎರಡು ಹೋಳಿಗಿ, ಅಕ್ಕಾರ."

"ಮತ್ತ ನನ್ನ ಹೆಜ್ಜಿ?"

"ಯಾವ ಫೋನಿನ್ಯಾಗ ಅದಾವ? ತೋರಸ್ರಿ."

ಅಂಬಾದಾಸ ರೊಟ್ಟಿ ಮುರಿದು ಹಾಗಲಕಾಯಿಗೆ ಅದ್ದುತ್ತ ತಲೆ ತಗ್ಗಿಸಿ ತನ್ನ ಪಾದ ನೋಡಿಕೊಂಡ. ಹೆಬ್ಬೆರಳ ಬುಡದಲ್ಲಿ, ಈಗಷ್ಟೇ ಹೆಂಚಿನಿಂದ ಇಳಿದಂತೆ, ಒಂದು ಬೊಬ್ಬೆ ದುಂಡಗೆ ಉಬ್ಬಿ ಕೂತಿತ್ತು.