ಲಂಡನ್ ಸುತ್ತುವವರು ಯಾವ ಕಡೆಯಿಂದ ಸುತ್ತಬೇಕು

ಊರಿಂದ ಲಂಡನ್ನಿಗೆ ಯಾರಾದರೂ ಬರುತ್ತಲೇ ಇರುತ್ತಾರೆ, ಬಂದವರಿಗೆ ಏನಾದರೂ ಆಗುತ್ತಲೇ ಇರುತ್ತದೆ, ಆಗುವಾಗ ಪಕ್ಕದಲ್ಲಿ ನಾನಿರುತ್ತೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕುಂದಾಪುರದಿಂದ ಬೊಂಬಾಯಿ, ಅಲ್ಲಿಂದ ದುಬೈ, ಅಲ್ಲಿಂದ ಇಲ್ಲಿಗೆ. ಕಾಲು ಒಂದು ಕಡೆ ನಿಂತದ್ದೇ ಇಲ್ಲ. ತೊಂಬತ್ತರ ದಶಕದ ಕೊನೆಗೆ ಈಸ್ಟ್ ಹ್ಯಾಮ್‌ನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಬಂದು ನಿಂತೆ. ಸೋಮವಾರ ಹೋಟೆಲಿಗೆ ರಜೆ. ಧಣಿಯ ನೆಂಟರಿಷ್ಟರಿಗೆ ಪೇಟೆ ತೋರಿಸುವ ಕೆಲಸ ಆ ದಿನ ನನ್ನ ತಲೆಗೆ. ಲಂಡನ್ ನೋಡಲು ಏನೇನು ತಿಳಿದಿರಬೇಕು ಎಂದು ಈಗಲೂ ಜನ ನನಗೆ ಫೋನ್ ಮಾಡಿ ಕೇಳುತ್ತಾರೆ. ಪುಸ್ತಕದಲ್ಲಿರುವುದು ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ.

ಚಪ್ಪಲಿ ಬಿಡಬೇಡಿ

ಬೆಳಗಾವಿಯ ಗಂಡ ಹೆಂಡತಿ ಬಂದಿದ್ದರು. ನದಿಯ ಹತ್ತಿರ ಒಂದು ಹಳೆಯ ದೊಡ್ಡ ಚರ್ಚಿಗೆ ಕರೆದುಕೊಂಡು ಹೋದೆ. ಆಕಾಶಕ್ಕೆ ಏಣಿ ಹಾಕಿದಂಥ ಗೋಪುರ, ಒಳಗೆ ಬಣ್ಣದ ಗಾಜಿನಿಂದ ಸೋಸಿ ಬರುವ ಬೆಳಕು. ರಾಯರು ಬಾಗಿಲಲ್ಲೇ ಬೂಟು ಬಿಚ್ಚತೊಡಗಿದರು.

"ಇಲ್ಲಿ ಬಿಡಬೇಕಾಗಿಲ್ಲ ರಾಯರೇ" ಅಂದೆ.

"ದೇವರ ಗುಡಿ ಅಂದಮ್ಯಾಲ ಬೂಟು ಹಾಕ್ಕೊಂಡು ಒಳಗ ಹೋಗೂದೇನು? ನೀವು ಬೇಕಾದ್ರ ಹೋಗ್ರಿ" ಅಂದರು.

ಅವರ ಬೂಟು, ಹೆಂಡತಿಯ ಚಪ್ಪಲಿ, ನಾಚಿಕೆಗೆ ನನ್ನದೂ ಒಂದು ಜೊತೆ, ಗೋಡೆಯ ಬದಿಗೆ ಸಾಲಾಗಿ ಇಟ್ಟೆವು. ಒಂದು ಗಂಟೆ ಒಳಗೆ ಕನಸಿನಲ್ಲಿ ನಡೆದಂತೆ ನಡೆದೆವು, ಕಾಲಿನಡಿ ತಣ್ಣನೆ ಕಲ್ಲು. ಹೊರಗೆ ಬಂದು ನೋಡಿದರೆ ಗೋಡೆಯ ಉದ್ದಕ್ಕೂ ಮೂವತ್ತು ಜೊತೆ ಬೂಟು! ನಮ್ಮ ಹಿಂದೆ ಬಂದ ಯಾವುದೋ ದೇಶದ ಪ್ರವಾಸಿಗಳ ದಂಡು, ಇದೇ ಇಲ್ಲಿಯ ಪದ್ಧತಿ ಇರಬೇಕು ಎಂದು ತಮ್ಮದನ್ನೂ ಬಿಟ್ಟು ಒಳಗೆ ಹೋಗಿತ್ತು. ಬಾಗಿಲು ಕಾಯುವವನು ಟೊಪ್ಪಿ ತೆಗೆದು ತಲೆ ಕೆರೆಯುತ್ತ ನಿಂತಿದ್ದ.

ರಾಯರು ಸಾಲನ್ನು ಒಮ್ಮೆ ನೋಡಿ ಹೆಂಡತಿಗೆ ಹೇಳಿದರು: "ನೋಡು, ತಿಳಿದ ಮಂದಿ ಎಲ್ಲಾ ದೇಶದಾಗೂ ಇರ್ತಾರ."

ಬುತ್ತಿ ಇರಲಿ, ಆದರೆ ಹಂಚಬೇಡಿ

ಇನ್ನು ಅಮ್ಮನ ಕಥೆ. ಅಮ್ಮ ಅಂದರೆ ನಮ್ಮ ಧಣಿಯ ಅತ್ತೆ. ಮಗಳ ಬಾಣಂತನಕ್ಕೆಂದು ಕುಂದಾಪುರದಿಂದ ಒಬ್ಬರೇ ವಿಮಾನ ಹತ್ತಿ ಬಂದವರು. ಬಂದ ವಾರವೇ ಆಸ್ಪತ್ರೆಯಲ್ಲಿ ಹೇಳಿದ್ದರು: ಹೊಟ್ಟೆಯೊಳಗೆ ಮಗು ತಲೆ ಮೇಲೆ ಮಾಡಿ ಕೂತಿದೆ, ಬರುವ ವಾರ ಶುಕ್ರವಾರ ಮತ್ತೆ ನೋಡುತ್ತೇವೆ, ಅಷ್ಟರಲ್ಲಿ ತಿರುಗದಿದ್ದರೆ ಆಪರೇಷನ್ ಮಾಡಬೇಕಾದೀತು. ಅಂದಿನಿಂದ ಅಮ್ಮನಿಗೆ ಊಟ ಸೇರದು. "ಒಂದು ದಿನ ಹೊರಗೆ ತಿರುಗಿಸಿಕೊಂಡು ಬಾರೋ" ಎಂದು ಧಣಿ ಆ ಸೋಮವಾರ ನನಗೆ ಒಪ್ಪಿಸಿದರು.

ಅಮ್ಮ ಕೈಚೀಲದ ತುಂಬ ಕೋಡುಬಳೆ ತುಂಬಿಕೊಂಡಿದ್ದರು. ಕುದುರೆ ಮೇಲೆ ಕತ್ತಿ ಹಿಡಿದು ಕಾವಲು ಕೂರುವ ಸೈನಿಕರಿದ್ದಾರಲ್ಲ, ಅವರನ್ನು ತೋರಿಸಿದೆ. ರೆಪ್ಪೆ ಸಹ ಆಡಿಸದೆ ಕೂತಿದ್ದ, ಮೀಸೆ ಸರಿಯಾಗಿ ಮೂಡದ ಹುಡುಗ.

"ಎಷ್ಟ್ ಹೊತ್ತಾಯ್ತ್ ಇಂವ ಹೀಂಗ್ ಕೂಕಂಡ್?" ಅಮ್ಮ ಕೇಳಿದರು.

"ಗಂಟೆಗಟ್ಟಲೆ ಕೂತುಕೊಳ್ತಾರಮ್ಮ. ಮಾತಾಡೋ ಹಾಗಿಲ್ಲ, ಅಲ್ಲಾಡೋ ಹಾಗಿಲ್ಲ."

"ಇಂವನ ಹೆತ್ತ ಅಬ್ಬಿಗೆ ಗೊತ್ತಿತ್ತಾ ಇದ್?" ಎಂದವರೇ, ನಾನು ತಡೆಯುವುದರೊಳಗೆ ಕೋಡುಬಳೆ ಹಿಡಿದು ಕೈ ಮೇಲೆತ್ತಿದರು. "ತಿನ್ ಮಗಾ."

ಹುಡುಗ ಅಲ್ಲಾಡಲಿಲ್ಲ. ಕುದುರೆ ಕೊರಳು ಬಗ್ಗಿಸಿ ಕೋಡುಬಳೆಯನ್ನು ಕಟುಂ ಎಂದು ಮುರಿಯಿತು. ಆಮೇಲೆ ಅಮ್ಮ ಎಡಕ್ಕೆ ಸರಿದರೆ ಅದರ ಮೂತಿ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಮೇಲೆ ಕೂತವನ ಮೈ ಕಲ್ಲು, ಕಣ್ಣು ಮಾತ್ರ ನನ್ನನ್ನು ಬೇಡಿಕೊಳ್ಳುತ್ತಿತ್ತು. ಅಮ್ಮನನ್ನು ಎಳೆದುಕೊಂಡು ಹೊರಟೆ.

"ಕುದ್ರಿಯೇ ತಿರ್ಗತ್ತ್, ಕಂಡ್ಯಾ" ಅಂದರು ಅಮ್ಮ ನಿಟ್ಟುಸಿರುಬಿಟ್ಟು. "ನಮ್ ಮಗುಗೆ ಎಂತಾಯ್ತೋ."

ಮ್ಯೂಸಿಯಂ ಪುಕ್ಕಟೆ, ದಾರಿ ಮಾತ್ರ ಕೇಳಿಕೊಳ್ಳಿ

ಅಲ್ಲಿಂದ ದೊಡ್ಡ ಮ್ಯೂಸಿಯಂಗೆ ಹೋದೆವು. ಒಳಗೆ ಒಂದು ಕೋಣೆಯಲ್ಲಿ ನಮ್ಮ ದೇಶದ ಕಪ್ಪುಕಲ್ಲಿನ ಗಣಪತಿ. ದೀಪವಿಲ್ಲ, ಹೂವಿಲ್ಲ, ತಲೆಯ ಮೇಲೆ ಒಂದು ಸಣ್ಣ ಬಲ್ಬು. ಅಮ್ಮ ಬಹಳ ಹೊತ್ತು ನಿಂತರು. ಜನ ಬಂದರು, ಹೋದರು. ಅವರು ಮಾತ್ರ ಊರಿನ ಯಾರೋ ಬಂಧು ಪರದೇಶದಲ್ಲಿ ಸಿಕ್ಕಂತೆ ನೋಡುತ್ತಲೇ ಇದ್ದರು.

"ಮಗು ತಿರ್ಗಲಿ ಅಂದೇಳಿ ನಾ ಹರಕಿ ಹೇಳ್ಕಂಡಿದೆ ಮಗಾ. ಇವಂಗೆ ಮೂರ್ ಸುತ್ತ್ ಪ್ರದಕ್ಷಿಣಿ."

ಗಣಪತಿ ಗೋಡೆಗೆ ಒರಗಿ ಕೂತಿದ್ದ. ಸುತ್ತುವುದು ಎಲ್ಲಿಂದ? ಗೋಡೆಯ ಆಚೆ ಇನ್ನೊಂದು ಕೋಣೆ ಇರಲೇಬೇಕಲ್ಲ, ಕೋಣೆಯಿಂದ ಕೋಣೆಗೆ ಹೋದರೆ ಒಂದು ಸುತ್ತು ಆದೀತು ಎಂದು ನಾನೇ ಧೈರ್ಯ ಹೇಳಿದೆ. ಹೊರಟೆವು. ಮಡಕೆಗಳ ಕೋಣೆ, ಗಡಿಯಾರಗಳ ಕೋಣೆ, ಮೆಟ್ಟಿಲು, ಮತ್ತೊಂದು ಮೆಟ್ಟಿಲು. ಅಮ್ಮನ ಮೊಣಕಾಲು ಕಟಕಟ ಎನ್ನುತ್ತಿತ್ತು. ಗಣಪತಿ ಎಲ್ಲಿ ಉಳಿದನೋ, ನಾವು ಬಂದು ಮುಟ್ಟಿದ್ದು ಈಜಿಪ್ಟಿಗೆ. ಗಾಜಿನ ಪೆಟ್ಟಿಗೆಯೊಳಗೆ ಏನನ್ನೋ ಬಟ್ಟೆ ಸುತ್ತಿ ಮಲಗಿಸಿದ್ದರು.

"ಇದ್ ಎಂತ, ಗೊಂಬಿಯಾ?"

"ಅಲ್ಲಮ್ಮ, ಹಳೇ ಕಾಲದ ಹೆಣ."

ಅಮ್ಮ ಮೂರು ಹೆಜ್ಜೆ ಹಿಂದಕ್ಕೆ ಹಾರಿದರು. ಮೊಣಕಾಲು ನೋವು ಎಲ್ಲಿ ಹೋಯಿತೋ! "ಬಸ್ರಿ ಇಪ್ಪು ಮನಿಯಿಂದ ಬಂದವ್ರಿಗೆ ಹೆಣ ತೋರ್ಸ್ತ್ಯಾ? ಈಗ ಮೀಯ್ಕ್. ಮೀಯದೆ ಮನಿ ಹೊಗೂಕಾಗ."

ಹೀಗೆ, ಐರೋಪ್ಯ ಸುಸಂಸ್ಕೃತ ನಗರ ನೋಡಲು ಹೋದವರು ಆ ಸಂಜೆ ಹೋಟೆಲಿನ ಹಿತ್ತಿಲಲ್ಲಿ, ಪಾತ್ರೆ ತೊಳೆಯುವ ಪೈಪಿನಡಿ, ಸೆಪ್ಟೆಂಬರ್ ಚಳಿಯಲ್ಲಿ ತಲೆಗೆ ನೀರು ಹೊಯ್ದುಕೊಂಡೆವು. ಮೊದಲು ಅಮ್ಮ ಹೊಯ್ದುಕೊಂಡರು, ಆಮೇಲೆ ಬಿಡದೆ ನನಗೂ ಹೊಯ್ದರು.

ಹತ್ತುವ ಮೊದಲು ಗಾಡಿ ಯಾವ ಕಡೆ ಹೋಗುತ್ತದೆ ನೋಡಿ

ಹರಕೆ ಹಾಗೇ ಉಳಿಯಿತು. ಶುಕ್ರವಾರ ಹತ್ತಿರ ಬಂತು. ಮೊಣಕಾಲು ಬಾತು ಅಮ್ಮ ಸೋಫಾದಲ್ಲಿ ಕೂತಿದ್ದರು. ಬುಧವಾರ ರಾತ್ರಿ ಕಾವಲಿ ಉಜ್ಜುತ್ತಿದ್ದಾಗ ನನಗೆ ಹೊಳೆಯಿತು: ಸರ್ಕಲ್ ಲೈನ್! ಟ್ಯೂಬ್ ಅಂದರೆ ಇಲ್ಲಿಯ ನೆಲದಡಿಯ ರೈಲು, ಅದರ ನಕ್ಷೆಯಲ್ಲಿ ಹಳದಿ ಗೆರೆ. ಈಗ ಅದನ್ನು ಒಂದು ಕಡೆ ಬಿಡಿಸಿ ಬಾಲ ಎಳೆದಿದ್ದಾರೆ, ಆಗ ಪೂರ್ತಿ ಸುತ್ತು. ಹತ್ತಿ ಕೂತರೆ ಹತ್ತಿದಲ್ಲಿಗೇ ಬರುತ್ತದೆ. ಮ್ಯೂಸಿಯಂ ಆ ಸುತ್ತಿನೊಳಗೇ ಇದೆ.

"ಗಣಪತಿ ನಡುವೆ ಇರ್ತಾನೆ. ನೀವು ಕೂತಲ್ಲೇ ಕೂತಿರಿ, ಪ್ರದಕ್ಷಿಣೆ ಗಾಡಿ ಹಾಕ್ತದೆ" ಎಂದು ಆ ರಾತ್ರಿಯೇ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ.

ಅಮ್ಮ ಸೋಫಾದಿಂದ ಕಾಲು ಕೆಳಗಿಟ್ಟರು. "ಇಲಿ ಮೇಲ್ ಕೂಕಂಡ್ ತಿರ್ಗುವವಂಗೆ ರೈಲ್ ಆತಿಲ್ಲೆ ಅಂಬುಕಿತ್ತಾ? ಹೋಪ."

ಗುರುವಾರ ಕೆಲಸಕ್ಕೆ ರಜೆ ಹಾಕಿದೆ, ಒಂಬತ್ತೂವರೆ ಕಳೆದು ಹೊರಟೆವು. ಆ ಹೊತ್ತಿಗೆ ದಿನದ ಟಿಕೆಟು ಅಗ್ಗ, ಇದನ್ನೂ ನೆನಪಿಟ್ಟುಕೊಳ್ಳಿ. ಟವರ್ ಹಿಲ್ ನಿಲ್ದಾಣದಲ್ಲಿ ಇಳಿದು, ಮೆಟ್ಟಿಲು ದಾಟಿ, ಖಾಲಿ ಸೀಟಿದ್ದ ಗಾಡಿಗೆ ಹತ್ತಿಸಿದೆ. ಅಮ್ಮ ಚಪ್ಪಲಿ ಕಳಚಿ ಸೀಟಿನಡಿ ಇಟ್ಟು ಕೈ ಮುಗಿದು ಕೂತರು. ಗಾಡಿ ತೊಟ್ಟಿಲಿನ ಹಾಗೆ ತೂಗಿತು. ಕತ್ತಲೆ, ಬೆಳಕು, ಮತ್ತೆ ಕತ್ತಲೆ. ಒಂದೊಂದು ಕಡೆ ಮೇಲಿನ ಮುಚ್ಚಿಗೆ ತೆರೆದು ಒಂದು ತುಂಡು ಆಕಾಶ, ಇಟ್ಟಿಗೆ ಗೋಡೆಯಲ್ಲಿ ತಾನಾಗಿ ಬೆಳೆದ ನೇರಳೆ ಹೂವು. ನಮ್ಮ ತಲೆಯ ಮೇಲೆ ಅರಮನೆ, ಉದ್ಯಾನ, ನದಿ ಎಲ್ಲ ಸದ್ದಿಲ್ಲದೆ ಸರಿದು ಹೋಗುತ್ತಿತ್ತು. ಎಷ್ಟೋ ಊರು ಸುತ್ತಿದವನು ನಾನು, ಹೋಗಿ ಮುಟ್ಟುವ ಅವಸರವೇ ಇಲ್ಲದ ಪ್ರಯಾಣ ಅದೊಂದೇ. ನಿದ್ದೆ ಹತ್ತಿತು.

ಎರಡು ಸುತ್ತು ಮುಗಿಯುವಾಗ ಅಮ್ಮ ಭುಜ ಅಲ್ಲಾಡಿಸಿದರು. "ಮಗಾ, ದೇವ್ರ್ ನಮ್ ಬಲಗೈ ಬದಿಗೇ ಅಲ್ದಾ ಇಪ್ಪುದ್?"

ಎದ್ದು ಬಾಗಿಲ ಮೇಲಿನ ನಕ್ಷೆಯ ಮೇಲೆ ಬೆರಳಿಟ್ಟೆ. ನಿಲ್ದಾಣ ಒಂದೊಂದೇ ಬಂದಂತೆ ಬೆರಳು ಸರಿಸುತ್ತ ಹೋದೆ. ಅಮ್ಮ ತಮ್ಮ ಕೈಗಡಿಯಾರವನ್ನು ನಕ್ಷೆಯ ಪಕ್ಕ ಹಿಡಿದು, ಒಮ್ಮೆ ಮುಳ್ಳು, ಒಮ್ಮೆ ಬೆರಳು ನೋಡಿದರು.

"ಮುಳ್ಳ್ ಒಂದ್ ಬದಿ ಹೋತ್ತ್, ನಿನ್ನ ಬೆರಳ್ ಒಂದ್ ಬದಿ ಹೋತ್ತಲ್ಲ ಮಾರಾಯ!"

ಎರಡು ಸುತ್ತು ಅಪ್ರದಕ್ಷಿಣೆ!

"ನೀ ಆರನೇ ಕ್ಲಾಸಿಗೆ ಶಾಲಿ ಬಿಟ್ಟದ್ದಲ್ಲ, ಗಡಿಯಾರ ಕಲ್ಸುಕ್ ಮುಂಚೆಯೇ ಬಿಟ್ಟದ್ದ್" ಎಂದು ಅಮ್ಮ ಎದ್ದು ನಿಂತರು. "ಇಳಿ. ಎದ್ರಿನ್ ಗಾಡಿ ಹತ್ತ್. ಸುತ್ತಿದ್ದ್ ಬಿಡ್ಸುಕೆ ಎರಡ್, ಹರಕಿದ್ ಮೂರ್."

ಎದುರು ಗಾಡಿಯಲ್ಲಿ ಐದು ಸುತ್ತು. ಮೊಸರನ್ನ ಗಾಡಿಯಲ್ಲೇ ಉಂಡೆವು. ಕೊನೆಯ ಸುತ್ತಿಗೆ ಆಫೀಸು ಬಿಟ್ಟ ಜನ ತುಂಬಿದರೂ, ಕೋಟು ಟೈಗಳ ನಡುವೆ ಅಮ್ಮ ಕೈ ಮುಗಿದು ಕೂತೇ ಇದ್ದರು. ಅಷ್ಟು ಜನರೂ ತಿಳಿಯದೆ ಗಣಪತಿಗೆ ಸುತ್ತು ಹಾಕುತ್ತಿದ್ದಾರಲ್ಲ ಎಂದು ನನಗೆ ಒಂಥರಾ ಸಂತೋಷವಾಯಿತು.

ಮನೆ ಬಾಗಿಲು ತೆರೆದಾಗ ಧಣಿಯ ಹೆಂಡತಿ, ಅಮ್ಮನ ಮಗಳು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕೂತಿದ್ದರು.

"ಎಲ್ಲಿಗ್ ಹೋಯಿದ್ರಿ ನೀವಿಬ್ರೂ? ಬೆಳಿಗ್ಗೆಯಿಂದ ಇದಕ್ಕೆ ಎಂತಾಯ್ತೋ ಗೊತ್ತಿಲ್ಲೆ. ಮಧ್ಯಾಹ್ನದ ತನಕ ಈ ಬದಿಗೆ ಹೊರಳ್ತ್, ಆಮೇಲ್ ಆ ಬದಿಗೆ ಹೊರಳೂಕ್ ಸುರು ಮಾಡ್ತ್. ನಂಗೆ ತಲೆ ತಿರ್ಗಿ ಸಾಕಾಯ್ತ್. ಈಗಷ್ಟೇ ಸುಮ್ನಾದ್ದ್."

ಅಮ್ಮ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಶುಕ್ರವಾರ ಆಸ್ಪತ್ರೆಯಲ್ಲಿ ನೋಡಿದರು. ತಲೆ ಕೆಳಗೆ ಬಂದು ಸರಿಯಾಗಿ ಕೂತಿದೆ, ಆಪರೇಷನ್ ಬೇಕಾಗಿಲ್ಲ, ಹೀಗೆ ಎಷ್ಟೋ ಸಲ ತಾನಾಗಿ ತಿರುಗುತ್ತದೆ ಅಂದರಂತೆ. ಧಣಿ ಹೋಟೆಲಿಗೆ ಬಂದವರಿಗೆಲ್ಲ ಕೇಸರಿಬಾತು ಹಂಚಿದರು. ಅಮ್ಮ ಅಡುಗೆಮನೆಗೆ ಬಂದು ನನ್ನ ತಟ್ಟೆಗೆ ಎರಡು ಸೌಟು ಹೆಚ್ಚು ಬಡಿಸಿ, ಮೆಲ್ಲಗೆ ಕಿವಿಯ ಹತ್ತಿರ ಹೇಳಿದರು:

"ನಿನ್ನ ಉಪ್ಕಾರ ಮರೂದಿಲ್ಲ ಮಗಾ. ಆದ್ರೆ ಹೆರಿಗಿ ಆಪು ತನಕ ನೀ ಮತ್ ಆ ಗಾಡಿ ಹತ್ತೂಕಾಗ."

ಮೂರು ವಾರ ನಾನು ಎಲ್ಲಿಗೆ ಹೋಗುವುದಿದ್ದರೂ ಬಸ್ಸಿನಲ್ಲೇ ಹೋದೆ. ಅದೂ ನೇರ ಹೋಗುವ ಬಸ್ಸು ನೋಡಿ.