ಮೇಲ್ಮನೆ ಲಿನಕ್ಸು, ಕೆಳಮನೆ ವಿಂಡೋಸು

ಎರಡು ಕಂಪ್ಯೂಟರು ಮಾತಾಡ್ತಿಲ್ಲ ಅಂದ್ರೆ ಮೊದಲು ಅವುಗಳ ಯಜಮಾನರು ಮಾತಾಡ್ತಾರಾ ನೋಡಬೇಕು ಅಂತ ನನಗೆ ಹೇಳಿಕೊಟ್ಟವಳು ನನ್ನ ಓರಗಿತ್ತಿ. ಚಿತ್ರದುರ್ಗದ ನಮ್ಮ ಮನೆ ಭಾಗವಾಗಿ ಅಣ್ಣ ಕೆಳಗೆ, ತಮ್ಮ ಮೇಲೆ ಅಂತ ಆದಮೇಲೆ ಇಂಥವು ನಡೀತಾನೇ ಇದ್ದವು. ಕೆಳಗೆ ನನ್ನ ಗಂಡನ ವಿಂಡೋಸು, ಪ್ರಿಂಟರು. ಮೇಲೆ ಮೈದುನನ ಲಿನಕ್ಸು. ಅದರೊಳಗೆ ಓರಗಿತ್ತಿ ಟೈಪು ಮಾಡಿದ ಎಂ.ಎಡ್. ಪ್ರಬಂಧ. ದಸರಾ ರಜೆ ಮುಗಿದ ದಿನವೇ ಅದನ್ನು ಕೊಡದಿದ್ದರೆ ಅವಳಿಗೆ ಒಂದು ವರ್ಷ ಹೋದಂತೆ. ನಡುವೆ ಕಿಟಕಿಯಿಂದ ಇಳಿಬಿಟ್ಟ ಒಂದು ನೀಲಿ ವೈರು.

"ಫ್ಲಾಪಿಗೆ ಹಾಕ್ಕೊಂಡು ಇಳಿದು ಬರ್ಲೇನಕ್ಕಾ?" ಅಂದಳು.

"ಮತ್ತೆ ವೈರು ಎಳೆದಿದ್ದು ಬಟ್ಟೆ ಒಣಗಾಕಕ್ಕಾ?" ಅಂತ ಮೇಲಿಂದಲೂ ಕೆಳಗಿಂದಲೂ ಬಂತು. ಅಣ್ಣತಮ್ಮ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

೧. ಹೋಗುತ್ತೆ, ಬರಲ್ಲ

ಅವರಿಬ್ಬರೂ ನೇರ ಮಾತಾಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ನಿಂತ ಸೊಸೆಯರೇ ತಂತಿ.

"ನಾನು ಎಷ್ಟು ಕರೆದ್ರೂ ಅವನ ಮಿಷನ್ನು ಓಗೊಡಲ್ಲ, ಹೇಳು ಅವನಿಗೆ," ಅಂದರು ನಮ್ಮನೆಯವರು.

"ಅದು ಫೈರ್‌ವಾಲು. ಗುರುತಿಲ್ಲದೋರನ್ನ ಒಳಗೆ ಬಿಡಲ್ಲ, ಹೇಳ್ರಿ ಅವರಿಗೆ," ಅಂದ ಮೈದುನ.

ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಒಡಹುಟ್ಟಿದೋನ ಗುರುತಿಲ್ವೇನವ್ವ ಅದಕ್ಕೆ? ನಾ ಕಳಿಸೋ ಸಾರಿನ ಡಬ್ಬಿಗಳೂ ಹಂಗೇ. ಮೇಲಕ್ಕೆ ಹೋಗ್ತವೆ, ವಾಪಸ್ ಬರಲ್ಲ."

೨. ಗುಂಪಿನ ಹೆಸರು

ಒಂದನ್ನೊಂದು ಕಾಣಬೇಕಾದರೆ ಎರಡರಲ್ಲೂ ಗುಂಪಿನ ಹೆಸರು ಒಂದೇ ಇರಬೇಕಂತೆ. ಅಣ್ಣ ತನ್ನ ಮಗನ ಹೆಸರಿಟ್ಟರು, ತಮ್ಮ ತನ್ನ ಮಗಳದು.

"ದೊಡ್ಡೋನು ನಾನು, ಅವನು ಬದಲಿಸ್ಲಿ."

"ಭಾಗ ಆಗೋವಾಗ ಹೆಸರೂ ಅವರ ಪಾಲಿಗೇ ಬಂತಾ, ಕೇಳ್ರಿ."

ಪಂಚಾಯ್ತಿಗೆ ಹೊಳಲ್ಕೆರೆಯಿಂದ ಅವರ ಸೋದರಮಾವ ಬಸ್ಸು ಹತ್ತಿ ಬಂದರು. ಊಟ ಮಾಡಿ, ಎರಡೂ ಕಡೆ ಕೇಳಿ, ಎಲೆಯಡಿಕೆ ಹಾಕಿಕೊಂಡು ತೀರ್ಪು ಕೊಟ್ಟರು: "ಇಬ್ಬರದೂ ಬ್ಯಾಡ. ನನ್ನ ಹೆಸರಿಡ್ರಿ."

ಇಟ್ಟರು. ಆಮೇಲೆ ಪಾಸ್‌ವರ್ಡು ಯಾರು ಮೊದಲು ಹೇಳಬೇಕು ಅಂತ ಶುರುವಾಯಿತು.

೩. ಆಯುಧಪೂಜೆ

ಪ್ರಬಂಧ ಕೊಡುವ ದಿನ ಇಬ್ಬರೂ ಆಫೀಸಿಗೆ ರಜೆ ಹಾಕಿ ಕೂತರು. ಪಾಸ್‌ವರ್ಡುಗಳು ಕೊನೆಗೂ ಮೆಟ್ಟಿಲು ಹತ್ತಿ ಇಳಿದವು. ಆದರೂ ಇದಕ್ಕೆ ಅದು ಕಾಣದು, ಅದಕ್ಕೆ ಇದು ಕಾಣದು. ಓರಗಿತ್ತಿಯ ಕಣ್ಣಲ್ಲಿ ನೀರು.

"ಡಬ್ಬಿ ವಾಪಸ್ ಕೊಡೋ ನೆಪದಲ್ಲಿ ಇಳಿದು ಬಾರೇ," ಅಂದೆ.

ಮೈದುನ ತಿಂಡಿಗೆ ಎದ್ದು, ನಮ್ಮನೆಯವರು ಸ್ನಾನಕ್ಕೆ ಹೋದ ಹೊತ್ತಿಗೆ ಸಾರಿನ ಡಬ್ಬಿಯೊಳಗೆ ಫ್ಲಾಪಿ ಬಂತು. ಪ್ರಿಂಟರು ಕರಕರ ಅಂದಿತು.

ಬಚ್ಚಲಿನಿಂದ: "ಬಂತಲ್ಲ! ನಾನು ಸರಿ ಮಾಡ್ದೆ ಅಂತ ಹೇಳು ಅವನಿಗೆ."

ಮೇಲಿಂದ: "ನಾನು ಸರಿ ಮಾಡ್ದೆ ಅಂತ ಹೇಳ್ರಿ ಅವರಿಗೆ."

ಮಧ್ಯಾಹ್ನದೊಳಗೆ ಪ್ರಬಂಧ ಕಾಲೇಜು ಸೇರಿತು. ಸಂಜೆ ಕಸ ಗುಡಿಸುವಾಗ ಕಂಪ್ಯೂಟರಿನ ಹಿಂದೆ ನೋಡಿದೆ. ಆ ನೀಲಿ ವೈರಿನ ತುದಿ ವಿಭೂತಿ ಬಳಿಸಿಕೊಂಡು, ಚೆಂಡುಹೂ ಮುಡಿದು, ನೆಲದ ಮೇಲೆ ಮಲಗಿತ್ತು.

"ತೀರ್ಥ ಚಿಮುಕಿಸಿದ್ರೆ ಕರೆಂಟು ಹೊಡೀತೈತೆ ಅಂತ ಪೂಜೆ ದಿನ ನಾನೇ ಕಿತ್ತಿದ್ದೆ ಕಣವ್ವ," ಅಂದರು ಅತ್ತೆ.

ಸರಿ ಮಾಡಿದ್ದು ತಾನೇ ಅಂತ ಇಬ್ಬರೂ ಇವತ್ತಿಗೂ ಹೇಳುತ್ತಾರೆ. ಇದನ್ನು ನೀವು ಹಿರಿಯೂರಲ್ಲಿ ಹೇಳಿ, ಹೊಸದುರ್ಗದಲ್ಲಿ ಹೇಳಿ, ನಮ್ಮನೆ ಗಂಡಸರಿಗೆ ಮಾತ್ರ ಬೇಡ. ಆ ವೈರಿನ ಮೇಲೆ ನಾವಿಬ್ಬರೂ ಈಗ ಬಟ್ಟೆ ಒಣಗಿಸುತ್ತೇವೆ.